ಆಸ್ಪತ್ರೆ ಅಂದರೆ ಬೆಕ್ಕು ರಂಪ ಮಾಡುತ್ತಿದೆಯಾ? ಎಲ್ಲಿ ಕೆಡುತ್ತಿದೆ ಅಂತ ಹುಡುಕುವ ಬಗೆ

ಬೆಕ್ಕನ್ನು ಪಶು ಆಸ್ಪತ್ರೆಗೆ ತೋರಿಸಿಕೊಂಡು ಬಂದವರನ್ನು ಹೇಗಾಯ್ತು ಅಂತ ಕೇಳಿ ನೋಡಿ, ಬಾಯಿ ಬಿಡುವ ಮೊದಲು ಮುಂಗೈ ತೋರಿಸುತ್ತಾರೆ. ಆಮೇಲೆ ಮಾತು ಇಷ್ಟೇ: "ನಮ್ಮದಕ್ಕೆ ಡಾಕ್ಟರನ್ನ ಕಂಡ್ರೆ ಆಗಲ್ಲ." ಹೀಗೆ ಹೇಳಿ ವರ್ಷದ ರೇಬಿಸ್ ಲಸಿಕೆಯನ್ನೂ ಬಿಟ್ಟುಬಿಟ್ಟವರು ನಮ್ಮ ತುಮಕೂರಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಡಾಕ್ಟರ್ ಮೇಲೆ ಸುಮ್ನೆ ಅಪವಾದ. ಬೆಕ್ಕಿನ ಹೆದರಿಕೆ ಒಂದರ ಮೇಲೊಂದು ಸೇರುತ್ತಾ ಹೋಗುತ್ತದೆ. ಅಟ್ಟದಿಂದ ಬೆಕ್ಕು ಒಯ್ಯುವ ಬುಟ್ಟಿ ಇಳಿಸಿದ ಸದ್ದು, ಹಿಡಿಯೋಕೆ ಅಂತ ಮನೆಮಂದಿಯೆಲ್ಲ ಸುತ್ತುವರಿದದ್ದು, ಬಿ.ಎಚ್. ರಸ್ತೆಯ ಹಾರ್ನ್, ಆಸ್ಪತ್ರೆ ಬಾಗಿಲಲ್ಲಿ ಮೂಸುವ ನಾಯಿ, ಕೊನೆಗೆ ತಣ್ಣನೆಯ ಸ್ಟೀಲ್ ಮೇಜು. ಸಿಡಿಯುವುದು ಮೇಜಿನ ಮೇಲೆ, ಅದಕ್ಕೇ ಪಕ್ಕದಲ್ಲಿ ನಿಂತವರಿಗೆ ಕೆಟ್ಟ ಹೆಸರು. ಆದರೆ ಬಹಳ ಸಲ ಕೆಟ್ಟಿರುವುದು ಮನೆಯಲ್ಲೇ, ಬುಟ್ಟಿಯ ಹತ್ತಿರವೇ. ಅದನ್ನು ಬಿಟ್ಟು ಆಸ್ಪತ್ರೆ ಬದಲಾಯಿಸಿದರೆ ಅದೇ ಕಥೆ ಇನ್ನೊಂದು ಬೀದಿಯಲ್ಲಿ ನಡೆಯುತ್ತದೆ, ಅಷ್ಟೇ.

ಮನೆಯಲ್ಲಿ ಪದೇ ಪದೇ ಫ್ಯೂಸ್ ಹೋದರೆ ವೈರಿಂಗ್‌ನವರು ಒಂದೊಂದೇ ಸ್ವಿಚ್ ಹಾಕಿ ನೋಡುತ್ತಾರಲ್ಲ, ಇಲ್ಲೂ ಹಾಗೇ ಮಾಡಬೇಕು.

ಮೊದಲು ಇದೊಂದು ನೋಡಿ: ಹೆದರಿಕೆಯಾ, ಕಾಯಿಲೆಯಾ?

ಇಷ್ಟು ದಿನ ಸುಮ್ಮನೆ ಎತ್ತಿಸಿಕೊಳ್ಳುತ್ತಿದ್ದ ಬೆಕ್ಕು ಈಗ ಮುಟ್ಟಿದರೆ ಕಚ್ಚುತ್ತಿದ್ದರೆ ಅದನ್ನು ಕೋಪ ಅಂದುಕೊಳ್ಳಬೇಡಿ. ನೋವು ಇರಬಹುದು. ಹಲ್ಲು, ಸೊಂಟ, ಕೀಲು, ಎಲ್ಲಿ ಬೇಕಾದರೂ ಇರಬಹುದು. ಅಂಥ ಬೆಕ್ಕಿಗೆ ಈ ಕೆಳಗಿನ ಅಭ್ಯಾಸಗಳೆಲ್ಲ ಆಮೇಲೆ.

ಇನ್ನು ಕೆಲವಕ್ಕೆ ಅಭ್ಯಾಸ, ಸಮಾಧಾನ ಅಂತ ಕೂರುವಂತೆಯೇ ಇಲ್ಲ. ಮನೆಯಲ್ಲಿ ಸುಮ್ಮನೆ ಕುಳಿತಿದ್ದಾಗಲೇ ಬಾಯಿ ತೆರೆದು ಏದುಸಿರು ಬಿಡುತ್ತಿದ್ದರೆ, ವಸಡು ಬಿಳಿಚಿದ್ದರೆ ಅಥವಾ ನೀಲಿಗಟ್ಟಿದ್ದರೆ, ಹಿಂದಿನ ಕಾಲು ಇದ್ದಕ್ಕಿದ್ದಂತೆ ಬಿದ್ದು ಹೋಗಿ ಕಿರುಚುತ್ತಿದ್ದರೆ, ಗಂಡು ಬೆಕ್ಕು ಉಚ್ಚೆಗೆ ಕೂತು ಕೂತು ತಿಣುಕಿದರೂ ಹನಿ ಬಾರದಿದ್ದರೆ, ಟವೆಲ್‌ನಲ್ಲಿ ಸುತ್ತಿ ಹೊರಟುಬಿಡಿ. ಉಚ್ಚೆ ಕಟ್ಟಿದ ಗಂಡು ಬೆಕ್ಕನ್ನು ಮಲಬದ್ಧತೆ ಅಂತ ತಿಳಿದು ಎರಡು ದಿನ ಎಣ್ಣೆ ಕುಡಿಸುತ್ತಾ ಕೂತರೆ ಬೆಕ್ಕು ಉಳಿಯುವುದಿಲ್ಲ.

ಮನೆಯಲ್ಲಿ ಮಾಡಬಹುದಾದ ಒಂದು ಸುಲಭದ ಪರೀಕ್ಷೆ ಇದೆ. ಬೆಕ್ಕು ನಿದ್ದೆ ಮಾಡುವಾಗ ಹೊಟ್ಟೆ ಏರಿ ಇಳಿಯುವುದನ್ನು ಒಂದು ನಿಮಿಷ ಎಣಿಸಿ. ಏರಿ ಇಳಿದರೆ ಒಂದು ಲೆಕ್ಕ. 30ರೊಳಗೆ ಇದ್ದರೆ ಸರಿ. ಯಾವಾಗ ಎಣಿಸಿದರೂ 30 ದಾಟುತ್ತಿದ್ದರೆ ಡಾಕ್ಟರಿಗೆ ಹೇಳಿ. ಆಸ್ಪತ್ರೆಯಲ್ಲಿ ಎಣಿಸಿದರೆ ಹೆದರಿಕೆಗೇ ಜಾಸ್ತಿ ಬರುತ್ತದೆ, ಅದಕ್ಕೇ ಮನೆಯ ಲೆಕ್ಕ ಅವರಿಗೂ ಬೇಕಾಗುತ್ತದೆ.

ಅಪಾಯಿಂಟ್‌ಮೆಂಟ್ ಇಲ್ಲದ ದಿನ ಮಾಡುವ ಪರೀಕ್ಷೆ

ಬೇಯಿಸಿದ ಕೋಳಿ ಚೂರೋ, ಮೀನೋ, ಅಂಗಡಿಯಲ್ಲಿ ಸಿಗುವ ನೆಕ್ಕಿಸುವ ಟ್ರೀಟೋ, ಬೆಕ್ಕಿಗೆ ಪಂಚಪ್ರಾಣವಾದದ್ದು ಯಾವುದಾದರೂ ಕೈಯಲ್ಲಿಟ್ಟುಕೊಳ್ಳಿ. ಉಪ್ಪು ಖಾರ ಬೇಡ. ಈರುಳ್ಳಿ, ಬೆಳ್ಳುಳ್ಳಿ ಬೇಡವೇ ಬೇಡ, ಅವು ಬೆಕ್ಕಿಗೆ ವಿಷ. ಈಗ ಒಂದೊಂದೇ ಹೆಜ್ಜೆ ಮಾಡುತ್ತಾ ಪ್ರತಿ ಸಲ ಒಂದು ಚೂರು ಕೊಡಿ. ಬುಟ್ಟಿಯನ್ನು ತಂದು ನಡುಮನೆಯಲ್ಲಿ ಇಡಿ. ತಿಂತಾ? ಒಳಗೆ ಬಿಟ್ಟು ಒಂದು ನಿಮಿಷ ಬಾಗಿಲು ಹಾಕಿ. ತಿಂತಾ? ಎತ್ತಿಕೊಂಡು ಗೇಟಿನವರೆಗೆ ಹೋಗಿ ಬನ್ನಿ. ಗಾಡಿ ಸ್ಟಾರ್ಟ್ ಮಾಡಿ, ಓಡಿಸಬೇಡಿ. ಆಮೇಲೆ ಒಂದು ಸುತ್ತು ಹೊಡೆದು ಮನೆಗೇ ವಾಪಸ್ ಬನ್ನಿ. ಎಲ್ಲವನ್ನೂ ಒಂದೇ ದಿನ ಮಾಡಬೇಕಿಲ್ಲ.

ಯಾವ ಹೆಜ್ಜೆಯಲ್ಲಿ ಇಷ್ಟದ ತಿಂಡಿಯನ್ನೂ ಮೂಸದೆ ಮುಖ ತಿರುಗಿಸಿತೋ, ದೋಷ ಅದರ ಹಿಂದಿನ ಹೆಜ್ಜೆಗೂ ಈ ಹೆಜ್ಜೆಗೂ ನಡುವೆ ಇದೆ. ಅಲ್ಲಿಂದ ಮುಂದಿನದನ್ನು ಈಗ ಮುಟ್ಟಬೇಡಿ.

ಬುಟ್ಟಿ ಕಂಡ ತಕ್ಷಣ ಮಾಯವಾಗುತ್ತದೆ

ಇದೇ ಎಲ್ಲಕ್ಕಿಂತ ಸಾಮಾನ್ಯವಾದದ್ದು. ಕ್ಯಾತ್ಸಂದ್ರದ ಕಡೆ ನಮಗೆ ಬೇಕಾದ ಒಬ್ಬರು ಅಜ್ಜಿಯ ಮನೆಯಲ್ಲಿ ಕರಿಯ ಅಂತ ಒಂದು ಬೆಕ್ಕು.

"ಅಜ್ಜಿ, ಬುಟ್ಟಿ ಎಲ್ಲಿಡ್ತೀರಿ?"

"ಅಟ್ಟದ ಮ್ಯಾಲೆ ಐತೆ ಕಣಮ್ಮ. ಏಣಿ ಹಾಕಿದ್ರೆ ಸಾಕು, ಕೊತ್ತಿ ಮಾಯ."

ಬುಟ್ಟಿ ತನಕ ಬರಬೇಕಾಗಿಯೇ ಇಲ್ಲ, ಏಣಿಗೇ ಓಡುತ್ತದೆ. ವರ್ಷಕ್ಕೊಮ್ಮೆ ಏಣಿ ಬಂದಾಗಲೆಲ್ಲ ಸೂಜಿ ಚುಚ್ಚಿಸಿಕೊಂಡಿದ್ದರೆ ಓಡದೆ ಇನ್ನೇನು ಮಾಡುತ್ತೆ ಅಲ್ವಾ? ಗೋದ್ರೇಜ್ ಬೀರುವಿನ ಮೇಲೆ ಹತ್ತಿ, ಹಳೇ ಸೂಟ್‌ಕೇಸಿನ ಹಿಂದಿನಿಂದ ಎರಡು ಕಣ್ಣು. ಕೆಳಗೆ ಪೊರಕೆ ಹಿಡಿದು ಮೊಮ್ಮಗ. ಆ ಪೊರಕೆಯಿಂದಲೇ ಅವತ್ತಿನ ಕೆಲಸ ಕೆಟ್ಟಿತು.

ಸರಿಮಾಡುವುದು ಹೀಗೆ. ಬುಟ್ಟಿ ಅಟ್ಟದಿಂದ ಇಳಿದು ಮನೆಯ ಸಾಮಾನಾಗಬೇಕು. ಬಾಗಿಲು ತೆಗೆದು, ಬೆಕ್ಕು ಮಲಗುವ ಮೂಲೆಯಲ್ಲಿ ಕಾಯಂ ಆಗಿ ಇಡಿ. ಒಳಗೆ ಅದರ ಹಳೇ ಬಟ್ಟೆ, ನಿಮ್ಮ ಹಳೇ ಹತ್ತಿ ಸೀರೆ ಚೂರಾದರೂ ಸರಿ. ಊಟವನ್ನು ಮೊದಲು ಬುಟ್ಟಿಯ ಹತ್ತಿರ, ಆಮೇಲೆ ಹೊಸ್ತಿಲಲ್ಲಿ, ಆಮೇಲೆ ಒಳಗೆ ಕೊಡಿ. ತಾನಾಗಿ ಒಳಗೆ ಹೋಗಿ ಮಲಗುವವರೆಗೆ ಬಾಗಿಲು ಹಾಕಬೇಡಿ. ಕೆಲವು ಬೆಕ್ಕು ಎರಡು ವಾರದಲ್ಲಿ ಒಗ್ಗುತ್ತವೆ, ಕೆಲವಕ್ಕೆ ತಿಂಗಳುಗಟ್ಟಲೆ ಬೇಕು. ಕೋಳಿ ಚೂರಿನ ಖರ್ಚು ಬಿಟ್ಟರೆ ನಮಗೇನೂ ನಷ್ಟವಿಲ್ಲ.

ಬುಟ್ಟಿಯೇ ಸರಿಯಿಲ್ಲದಿದ್ದರೆ ಎಷ್ಟು ಒಗ್ಗಿಸಿದರೂ ಪ್ರಯೋಜನವಿಲ್ಲ. ಗೋಣಿಚೀಲ ಬೇಡ. ಗಾಳಿಯಿಲ್ಲ, ಕಾಲಡಿ ನೆಲವಿಲ್ಲ, ಬೆಕ್ಕು ಒಳಗೇ ಉರುಳಾಡುತ್ತದೆ. ಕೈಯಲ್ಲಿ ಅವುಚಿಕೊಂಡು ಹೋಗುವುದಂತೂ ಇನ್ನೂ ಕೆಟ್ಟದು, ಒಂದು ಲಾರಿ ಹಾರ್ನ್ ಹೊಡೆದರೆ ನಿಮ್ಮ ಭುಜ ಹತ್ತಿ ಜಿಗಿದು ಹೋಗುತ್ತದೆ. ನನ್ನ ಲೆಕ್ಕದಲ್ಲಿ ಗಟ್ಟಿ ಪ್ಲಾಸ್ಟಿಕ್ಕಿನ, ಮೇಲ್ಭಾಗ ಬಿಚ್ಚಿ ತೆಗೆಯಬಹುದಾದ ಕ್ಯಾರಿಯರ್ ಒಂದೇ ದುಡ್ಡಿಗೆ ತಕ್ಕದ್ದು. ಮೇಲ್ಭಾಗ ಯಾಕೆ ಬಿಚ್ಚಬೇಕು ಅನ್ನುವುದು ಮುಂದೆ ಬರುತ್ತದೆ. ಅಷ್ಟು ದುಡ್ಡು ಈಗ ಆಗಲ್ಲ ಅಂದರೆ ಅಂತರಸನಹಳ್ಳಿ ಮಾರುಕಟ್ಟೆ ಕಡೆ ಕಾಣುವಂಥ ಎರಡು ತರಕಾರಿ ಕ್ರೇಟ್ ತೆಗೆದುಕೊಂಡು, ಒಂದರ ಮೇಲೊಂದು ಬಾಯಿಗೆ ಬಾಯಿ ಕೊಟ್ಟು ಕವುಚಿ, ನಾಲ್ಕೂ ಕಡೆ ಕೇಬಲ್ ಟೈ ಬಿಗಿಯಿರಿ. ಗಾಳಿಯಾಡುತ್ತದೆ, ಮೇಲಿನದನ್ನು ಎತ್ತಿಬಿಡಬಹುದು. ನೋಡೋಕೆ ಚೆನ್ನಾಗಿರಲ್ಲ, ಬೆಕ್ಕಿಗೆ ಅದರ ಚಿಂತೆ ಇಲ್ಲ. ಕತ್ತರಿ ಮಾತ್ರ ಮರೆಯದೆ ಜೊತೆಗೆ ಒಯ್ಯಿರಿ.

ಇನ್ನೊಂದು ಜಾಗ ಯಾರೂ ನೋಡುವುದಿಲ್ಲ: ವಾಸನೆ. ಹೋದ ಸಲ ಒಳಗೇ ಉಚ್ಚೆ ಹೊಯ್ದಿತ್ತು, ನೀವು ಫಿನಾಯಿಲ್ ಹಾಕಿ ತೊಳೆದಿರಿ. ಬೆಕ್ಕಿನ ಮೂಗಿಗೆ ಎರಡೂ ಗೊತ್ತಾಗುತ್ತದೆ. ಅದಕ್ಕಿಂತ ಮುಖ್ಯವಾಗಿ ಫಿನಾಯಿಲ್, ಡೆಟಾಲ್‌ನಂಥವು ಬೆಕ್ಕಿಗೆ ವಿಷ, ಅದರ ಲಿವರ್‌ಗೆ ಅವನ್ನು ನಮ್ಮ ಹಾಗೆ ಅರಗಿಸಿಕೊಳ್ಳುವ ಶಕ್ತಿಯಿಲ್ಲ, ಪಾದಕ್ಕೆ ಅಂಟಿದ್ದನ್ನು ನೆಕ್ಕಿಯೇ ನೆಕ್ಕುತ್ತದೆ. ಸೋಪು ನೀರು, ಬಿಸಿಲು, ಸಾಕು. ಒಣಗಿದ ಮೇಲೆ ಒಂದು ಮೆತ್ತನೆ ಬಟ್ಟೆಯಿಂದ ಬೆಕ್ಕಿನ ಕೆನ್ನೆ, ಗಲ್ಲ ನಿಧಾನವಾಗಿ ಒರೆಸಿ ಅದನ್ನೇ ಒಳಗೆ ಹಾಸಿ. ಬೆಕ್ಕು ಬಾಗಿಲ ಚೌಕಟ್ಟಿಗೆ, ನಿಮ್ಮ ಕಾಲಿಗೆ ಕೆನ್ನೆ ಉಜ್ಜುವುದು ತನ್ನ ಗುರುತಿನ ವಾಸನೆ ಬಿಡೋಕೆ. ಅದೇ ವಾಸನೆ ಬುಟ್ಟಿಯಲ್ಲಿದ್ದರೆ ಅದು ತನ್ನ ಜಾಗ. ಫೆಲಿವೇ ಅಂತ ಬರುವ ಸ್ಪ್ರೇಯಲ್ಲಿ ಇರುವುದು ಇದೇ ವಾಸನೆಯ ಕೃತಕ ರೂಪ. ಅದನ್ನು ಬಳಸುವುದಾದರೆ ಬೆಕ್ಕು ಒಳಗಿಲ್ಲದಾಗ ಹೊಡೆದು 10–15 ನಿಮಿಷ ಆರಲು ಬಿಡಿ, ಅದರಲ್ಲಿ ಆಲ್ಕೋಹಾಲ್ ಇರುತ್ತದೆ. ಇದೊಂದರಿಂದಲೇ ಪವಾಡ ಆಗುತ್ತದೆ ಅಂತ ನಂಬಬೇಡಿ.

ಹೊಲದ ಬದುವಿನಲ್ಲಿ ಬೆಳೆಯುವ ಕುಪ್ಪಿಗಿಡದ ಬೇರಿಗೆ ಕೆಲವು ಬೆಕ್ಕು ಹೊರಳಾಡುವುದನ್ನು ನೋಡಿರಬಹುದು. ಆಟಕ್ಕೆ ಮೂಸಿಸಿದರೆ ಪರವಾಗಿಲ್ಲ, ಕಷಾಯ ಗಿಷಾಯ ಅಂತ ಕುಡಿಸಲು ಹೋಗಬೇಡಿ.

ದಾರಿಯುದ್ದಕ್ಕೂ ಕೂಗು, ಜೊಲ್ಲು, ವಾಂತಿ

ಕೂಗು ಬೇರೆ, ಜೊಲ್ಲು ಬೇರೆ. ಮನೆಯಲ್ಲಿ ಬುಟ್ಟಿಯೊಳಗೆ ಚೆನ್ನಾಗಿದ್ದು, ಗಾಡಿ ಹೊರಟ ಮೇಲೆ ಜೊಲ್ಲು ಸುರಿಸಿ, ತುಟಿ ನೆಕ್ಕಿ, ವಾಂತಿ ಮಾಡಿಕೊಂಡರೆ ಅದಕ್ಕೆ ಪ್ರಯಾಣ ಆಗಿಬರುತ್ತಿಲ್ಲ. ಹೊರಡುವ ಮೂರ್ನಾಲ್ಕು ಗಂಟೆ ಮೊದಲು ಊಟ ನಿಲ್ಲಿಸಿ, ನೀರು ಇರಲಿ. ದಾರಿಗೆ ತಂಪಾಗಲಿ ಅಂತ ಹಾಲು ಕುಡಿಸಬೇಡಿ, ದೊಡ್ಡ ಬೆಕ್ಕುಗಳಲ್ಲಿ ಬಹಳಷ್ಟಕ್ಕೆ ಹಾಲು ಅರಗುವುದಿಲ್ಲ, ಭೇದಿ ಆಗುತ್ತದೆ. ಮರಿಗಳಿಗೂ ಸಕ್ಕರೆ ಕಾಯಿಲೆ ಇರುವ ಬೆಕ್ಕಿಗೂ ಉಪವಾಸ ಹಾಕುವ ಮುಂಚೆ ಡಾಕ್ಟರನ್ನು ಕೇಳಿ. ಇಷ್ಟಾದರೂ ವಾಂತಿ ನಿಲ್ಲದಿದ್ದರೆ ಮ್ಯಾರೋಪಿಟಂಟ್ ಅಂತ ಔಷಧ ಇದೆ, ಅವರೇ ಬರೆದುಕೊಡಲಿ. ತುಮಕೂರಿನಿಂದ ಬೆಂಗಳೂರಿನ ಹೆಬ್ಬಾಳದ ಪಶುವೈದ್ಯ ಕಾಲೇಜಿಗೆ ಕರೆದುಕೊಂಡು ಹೋಗುವವರಿಗೆ ಇದು ಮುಖ್ಯ, 70 ಕಿಲೋಮೀಟರ್ ಹೆದ್ದಾರಿ ತಮಾಷೆಯಲ್ಲ.

ಬರೀ ಕೂಗಾದರೆ ಕಾರಣ ಸದ್ದು ಮತ್ತು ಕುಲುಕಾಟ. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಇಟ್ಟರೆ ಇಂಜಿನ್ ಅದುರುವುದೆಲ್ಲ ಬೆಕ್ಕಿನ ಮೈಗೇ ಬರುತ್ತದೆ. ಸ್ಕೂಟರೇ ಗತಿ ಅಂದರೆ ಹಿಂದೆ ಇನ್ನೊಬ್ಬರು ಕೂತು, ಬುಟ್ಟಿಯನ್ನು ತೊಡೆಯ ಮೇಲಿಟ್ಟು ಎರಡೂ ಕೈಯಲ್ಲಿ ಅಡಿಯಿಂದ ಹಿಡಿಯಬೇಕು. ಆಟೋ ವಾಸಿ. "ಅಣ್ಣ, ಹಂಪ್‌ನಲ್ಲಿ ಸ್ವಲ್ಪ ನಿಧಾನ, ಹಾಡು ಬೇಡ" ಅಂತ ಮೊದಲೇ ಹೇಳಿ. ಕಾರಾದರೆ ಮುಂದಿನ ಸೀಟಿನ ಹಿಂದೆ ನೆಲದ ಮೇಲೆ, ಅಲುಗಾಡದಂತೆ. ಎಲ್ಲದಕ್ಕೂ ಮೇಲೆ ಒಂದು ತೆಳು ಟವೆಲ್ ಹೊದಿಸಿ, ಕಾಣದಿದ್ದರೆ ಅರ್ಧ ಹೆದರಿಕೆ ಕಡಿಮೆ. ಏಪ್ರಿಲ್, ಮೇ ಬಿಸಿಲಲ್ಲಿ ಮಾತ್ರ ಟವೆಲ್ಲನ್ನು ಒಂದು ಪಕ್ಕ ಎತ್ತಿ ಗಾಳಿ ಬಿಡಿ, ನಿಲ್ಲಿಸಿದ ಕಾರಿನಲ್ಲಿ ಎರಡು ನಿಮಿಷಕ್ಕೂ ಬೆಕ್ಕನ್ನು ಬಿಟ್ಟು ಹೋಗಬೇಡಿ.

ಬುಟ್ಟಿಯನ್ನು ಹಿಡಿಯಲ್ಲಿ ನೇತಾಡಿಸಿಕೊಂಡು, ಕಾಲಿಗೆ ಬಡಿಸಿಕೊಂಡು ನಡೆಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಎದೆಗೆ ಆನಿಸಿಕೊಂಡು ನಡೆಯಲು ಏನು ಕಷ್ಟ?

ಆಸ್ಪತ್ರೆ ಗೇಟಿನ ತನಕ ಸರಿಯಿತ್ತು, ಕಾಯುವಾಗ ಕೆಟ್ಟಿತು

ನಮ್ಮ ಕಡೆಯ ಸರ್ಕಾರಿ ಪಶು ಆಸ್ಪತ್ರೆ ಇರುವುದೇ ಮುಖ್ಯವಾಗಿ ಹಸು, ಎಮ್ಮೆ, ಕುರಿಗೆ. ಅದರಲ್ಲಿ ತಪ್ಪೇನಿಲ್ಲ, ಕಲ್ಪತರು ನಾಡಿನಲ್ಲಿ ಹಾಲು ಕರೆಯುವ ಮನೆಗಳೇ ಜಾಸ್ತಿ. ಆದರೆ ಕಂಬಿಗೆ ಕಟ್ಟಿದ ಹೋರಿ ಗುಟುರು ಹಾಕಿದರೆ ಬುಟ್ಟಿಯಲ್ಲಿರುವ ಬೆಕ್ಕು ಏನಾಗಬೇಕು? ಖಾಸಗಿ ಕ್ಲಿನಿಕ್ಕಿನಲ್ಲಿ ಹೋರಿ ಇಲ್ಲ, ಸಂಜೆ ಹೊತ್ತು ಲ್ಯಾಬ್ರಡಾರ್‌ಗಳು ಇರುತ್ತವೆ.

ಹಿಂದಿನ ದಿನವೇ ಫೋನ್ ಮಾಡಿ ಯಾವ ಹೊತ್ತು ಖಾಲಿ ಇರುತ್ತದೆ ಅಂತ ಕೇಳಿ. ಹೋದ ಮೇಲೆ ಒಬ್ಬರು ಮಾತ್ರ ಒಳಗೆ ಹೋಗಿ, "ಸಾರ್, ಬೆಕ್ಕು ತಂದಿದೀನಿ, ಹೊರಗೆ ಆಟೋದಲ್ಲಿದೆ, ಸರದಿ ಬಂದಾಗ ಕರೀರಿ" ಅನ್ನಿ. ಇಲ್ಲ ಅನ್ನುವವರು ಕಡಿಮೆ. ಒಳಗೇ ಕೂರಬೇಕಾದರೆ ಬುಟ್ಟಿ ನೆಲದ ಮೇಲೆ ಬೇಡ, ಕುರ್ಚಿಯ ಮೇಲೋ ತೊಡೆಯ ಮೇಲೋ ಇರಲಿ, ಬಾಗಿಲು ಗೋಡೆಯ ಕಡೆಗೆ ತಿರುಗಿರಲಿ. ಪಕ್ಕದವರ ಮಕ್ಕಳು ಟವೆಲ್ ಎತ್ತಿ "ಮಿಯಾಂವ್" ಅನ್ನಲು ಬರುತ್ತಾರೆ. ಬಿಡಬೇಡಿ. ದೀಪಾವಳಿ ಪಟಾಕಿಯ ವಾರದಲ್ಲಿ ಲಸಿಕೆಯಂಥ ಕೆಲಸಕ್ಕೆ ಹೊರಡಲೇಬೇಡಿ.

ಮೇಜಿನ ಮೇಲೆ ಕಲ್ಲಿನ ಹಾಗೆ ಕೂತಿತ್ತು, ಆಮೇಲೆ ಒಮ್ಮೆಲೇ ಕಚ್ಚಿತು

"ಏನೂ ಮಾಡ್ಲಿಲ್ಲ ಸಾರ್, ಸುಮ್ನೆ ಕೂತಿತ್ತು." ಸುಮ್ಮನೆ ಕೂತದ್ದೇ ಎಚ್ಚರಿಕೆ. ಹತ್ತಿರದಿಂದ ನೋಡಿ: ಕಣ್ಣಪಾಪೆ ಪೂರ್ತಿ ಅಗಲವಾಗಿ ಕಪ್ಪಾಗಿದೆ, ಕಿವಿ ಪಕ್ಕಕ್ಕೆ ಚಪ್ಪಟೆಯಾಗಿದೆ, ಬಾಲ ಮೈಗೆ ಸುತ್ತಿಕೊಂಡಿದೆ, ನಾಲ್ಕೂ ಕಾಲು ಹೊಟ್ಟೆಯಡಿ ಸೇರಿವೆ. ಬೆಕ್ಕು ಬೆವರುವುದು ಪಾದದ ಮೆತ್ತೆಗಳಲ್ಲಿ. ಅದು ಒಂದು ಹೆಜ್ಜೆ ಸರಿದರೆ ಸ್ಟೀಲ್ ಮೇಜಿನ ಮೇಲೆ ಸಣ್ಣ ಸಣ್ಣ ಒದ್ದೆ ಗುರುತು ಉಳಿಯುತ್ತದೆ. ಆ ಗುರುತು ಕಂಡರೆ ಎಲ್ಲರೂ ಕೈ ತೆಗೆದು ಸ್ವಲ್ಪ ಹೊತ್ತು ನಿಲ್ಲಬೇಕು.

ಇಲ್ಲಿ ಸಾಮಾನ್ಯವಾಗಿ ಆಗುವ ಎಡವಟ್ಟು ಬುಟ್ಟಿಯನ್ನು ಓರೆ ಮಾಡಿ ಬೆಕ್ಕನ್ನು ಸುರಿಯುವುದು, ಇಲ್ಲಾ ಕತ್ತಿನ ಚರ್ಮ ಹಿಡಿದು ಎಳೆಯುವುದು. ತಾಯಿ ಹಿಡಿಯುತ್ತಲ್ಲ ಅನ್ನುತ್ತಾರೆ. ತಾಯಿ ಹಿಡಿಯುವುದು ಕಣ್ಣು ಬಿಡದ ಮರಿಯನ್ನು, ನಾಲ್ಕು ಕಿಲೋ ಗಂಡು ಬೆಕ್ಕನ್ನಲ್ಲ. ಅಮೆರಿಕದ ಎಎಎಫ್‌ಪಿ ಮತ್ತು ಬ್ರಿಟನ್ನಿನ ಐಎಸ್‌ಎಫ್‌ಎಂ ಎಂಬ ಬೆಕ್ಕು ವೈದ್ಯರ ಎರಡು ಸಂಸ್ಥೆಗಳು ಸೇರಿ 2022ರಲ್ಲಿ ಹೊರತಂದ ಮಾರ್ಗಸೂಚಿಯೂ ಕತ್ತು ಹಿಡಿಯುವುದು ಬೇಡ ಅನ್ನುತ್ತದೆ. ಅದರ ಬದಲು ಕ್ಯಾರಿಯರ್‌ನ ಮೇಲ್ಭಾಗ ಬಿಚ್ಚಿ. ಬೆಕ್ಕು ಕೆಳಗಿನ ಅರ್ಧದಲ್ಲಿ ತನ್ನ ಬಟ್ಟೆಯ ಮೇಲೇ ಕೂತಿರಲಿ, ಮುಖಕ್ಕೆ ಟವೆಲ್ ಮರೆ ಇರಲಿ. ಎದೆ ಬಡಿತ ಕೇಳುವುದು, ಹೊಟ್ಟೆ ಮುಟ್ಟಿ ನೋಡುವುದು, ಲಸಿಕೆ ಹಾಕುವುದು ಎಲ್ಲ ಹಾಗೇ ಆಗುತ್ತದೆ. "ಸಾರ್, ಇದರಲ್ಲೇ ಕೂತಿರಲಿ, ಹೀಗೇ ನೋಡ್ತೀರಾ?" ಅಂತ ಕೇಳೋಕೆ ಸಂಕೋಚ ಬೇಡ. ಗುದದಲ್ಲಿ ಥರ್ಮಾಮೀಟರ್ ಇಡುವುದನ್ನು ಕೊನೆಗೆ ಇಟ್ಟುಕೊಳ್ಳಿ ಅಂತಲೂ ಕೇಳಬಹುದು.

ಬುಟ್ಟಿ ತೆರೆಯುವ ಮುಂಚೆ ಬಾಗಿಲು, ಕಿಟಕಿ ಹಾಕಿದೆಯಾ ನೋಡಿ, ಫ್ಯಾನ್ ಆರಿಸಿ. ಸಮಾಧಾನ ಮಾಡೋಕೆ "ಶ್ಶ್ ಶ್ಶ್" ಅನ್ನಬೇಡಿ, ಬೆಕ್ಕಿನ ಕಿವಿಗೆ ಅದು ಇನ್ನೊಂದು ಬೆಕ್ಕು ಬುಸುಗುಟ್ಟಿದ ಹಾಗೆ ಕೇಳುತ್ತದೆ. ದಿಟ್ಟಿಸಿ ನೋಡುವುದೂ ಬೇಡ. ಕಣ್ಣನ್ನು ಅರ್ಧ ಮುಚ್ಚಿ ನಿಧಾನವಾಗಿ ಮಿಟುಕಿಸಿ, ಬೆಕ್ಕಿಗೆ ಇದು ಸ್ನೇಹದ ಗುರುತು. ಇಂಗ್ಲೆಂಡಿನ ಸಸೆಕ್ಸ್ ವಿಶ್ವವಿದ್ಯಾಲಯದವರು 2020ರಲ್ಲಿ ಇದನ್ನು ಪರೀಕ್ಷಿಸಿ ಬರೆದಿದ್ದಾರೆ.

ಕಚ್ಚಿದರೆ, ಆಳವಾಗಿ ಪರಚಿದರೆ, ಅರಿಶಿನ ಒತ್ತಿ ಸುಮ್ಮನಾಗಬೇಡಿ. ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ರೇಬಿಸ್ ಇಂಜೆಕ್ಷನ್ ಬೇಕಾ ಅಂತ ಕೇಳಿ.

ರಿಪೋರ್ಟಿನಲ್ಲಿ ಶುಗರ್ ಜಾಸ್ತಿ ಬಂತು

ಇದೂ ಹೆದರಿಕೆಯ ದೋಷವೇ ಆಗಿರಬಹುದು. ಬೆಕ್ಕು ಗಾಬರಿಯಾದರೆ ರಕ್ತದ ಸಕ್ಕರೆ ಏರುತ್ತದೆ, ಬಿ.ಪಿ. ಏರುತ್ತದೆ, ಎದೆ ಬಡಿತ ಏರುತ್ತದೆ. ಸಕ್ಕರೆ ಕಾಯಿಲೆ ಇಲ್ಲದ ಬೆಕ್ಕಿನಲ್ಲೂ ಅಷ್ಟು ಏರಬಹುದು. ಒಂದು ರಿಪೋರ್ಟ್ ನೋಡಿ ಇನ್ಸುಲಿನ್ ಅಂತ ಕಂಗಾಲಾಗುವ ಮುಂಚೆ ಫ್ರಕ್ಟೋಸಮೈನ್ ಪರೀಕ್ಷೆ ಮಾಡಿಸಬಹುದಾ ಅಂತ ಕೇಳಿ, ಅದು ಹಿಂದಿನ ಒಂದೆರಡು ವಾರದ ಸರಾಸರಿ ತೋರಿಸುತ್ತದೆ, ಅವತ್ತಿನ ಗಾಬರಿ ಅದಕ್ಕೆ ಲೆಕ್ಕವಿಲ್ಲ. ಕುಂಟುವುದು, ಕೆಮ್ಮುವುದನ್ನೂ ಆಸ್ಪತ್ರೆಯಲ್ಲಿ ಬೆಕ್ಕು ತೋರಿಸುವುದಿಲ್ಲ. ಮನೆಯಲ್ಲೇ ವಿಡಿಯೋ ಮಾಡಿಟ್ಟುಕೊಳ್ಳಿ.

ಏನು ಮಾಡಿದರೂ ಆಗುತ್ತಿಲ್ಲ

ಕೆಲವು ಬೆಕ್ಕುಗಳಿಗೆ ಔಷಧವೇ ಬೇಕು, ಅದರಲ್ಲಿ ನಾಚಿಕೆಯೇನಿಲ್ಲ. ಹೊರಡುವ 2–3 ಗಂಟೆ ಮುಂಚೆ ಕೊಡುವ ಗ್ಯಾಬಾಪೆಂಟಿನ್ ಅನ್ನು ಈಗ ಬಹಳ ಡಾಕ್ಟರುಗಳು ಬಳಸುತ್ತಾರೆ. ಬೆಕ್ಕು ಸ್ವಲ್ಪ ತೂಕಡಿಸುತ್ತದೆ, ನಡೆದರೆ ತೂರಾಡುತ್ತದೆ, ಅವತ್ತು ಬೀರು ಹತ್ತಲು ಬಿಡಬೇಡಿ. ಪ್ರಮಾಣ ಡಾಕ್ಟರೇ ಹೇಳಬೇಕು, ಕಿಡ್ನಿ ತೊಂದರೆ ಇದ್ದರೆ ಅದು ಬೇರೆಯೇ. ಮೆಡಿಕಲ್ ಶಾಪಿನಲ್ಲಿ ಮನೆಯ ಹಿರಿಯರ ನರದ ನೋವಿನ ಮಾತ್ರೆಯೂ ಗ್ಯಾಬಾಪೆಂಟಿನ್ ಹೆಸರಲ್ಲೇ ಬರುತ್ತದೆ, ಆದರೆ ಬಹಳ ಸಲ ಅದರಲ್ಲಿ ನಾರ್ಟ್ರಿಪ್ಟಿಲಿನ್ ಅಥವಾ ಮಿಥೈಲ್‌ಕೋಬಾಲಮಿನ್ ಸೇರಿರುತ್ತದೆ. ಹೆಸರು ಒಂದೇ ಅಂತ ಮುರಿದು ಹಾಕಬೇಡಿ. ಪ್ಯಾರಾಸಿಟಮಾಲ್ ಅಂತೂ ಒಂದೇ ಮಾತ್ರೆಗೆ ಬೆಕ್ಕು ಸಾಯಬಹುದು.

ಮೊದಲ ಸಲ ಎಲ್ಲಿಗೂ ಹೋಗದ ದಿನ ಕೊಟ್ಟು ನೋಡಬಹುದಾ ಅಂತ ಅವರನ್ನೇ ಕೇಳಿ, ಹೇಗೆ ಹಿಡಿಯುತ್ತದೆ ಅಂತ ಗೊತ್ತಾಗುತ್ತದೆ. ಮನೆಗೆ ಬಂದು ನೋಡುವ ಡಾಕ್ಟರ್ ಸಿಕ್ಕರೆ ಬುಟ್ಟಿ, ರಸ್ತೆ, ನಾಯಿ ಮೂರೂ ಒಟ್ಟಿಗೆ ತಪ್ಪುತ್ತದೆ. ಇನ್ನು, ಲಸಿಕೆಗೋ ಉಗುರು ಕತ್ತರಿಸೋಕೋ ಹೋಗಿ ಬೆಕ್ಕು ಪೂರ್ತಿ ಕೆರಳಿದ್ದರೆ ನಾಲ್ಕು ಜನ ಅದುಮಿ ಹಿಡಿದು ಮುಗಿಸುವುದಕ್ಕಿಂತ ವಾಪಸ್ ಬರುವುದು ವಾಸಿ. ಅವತ್ತು ಅದುಮಿದ್ದನ್ನು ಅದು ಮುಂದಿನ ಸಲಕ್ಕೆ ನೆನಪಿಟ್ಟುಕೊಂಡು ಬರುತ್ತದೆ.

ಮನೆಗೆ ಬಂದ ಮೇಲೆ ಇನ್ನೊಂದು ಬೆಕ್ಕು ಬುಸುಗುಟ್ಟುತ್ತಿದೆ

ಎರಡು ಬೆಕ್ಕಿರುವ ಮನೆಯಲ್ಲಿ ಆಗುವಂಥದ್ದು. ಜೊತೆಗೇ ಹುಟ್ಟಿ ಬೆಳೆದವಾದರೂ ಸರಿ. ಹೋಗಿ ಬಂದದ್ದರ ಮೈಯಲ್ಲಿ ಸ್ಪಿರಿಟ್, ನಾಯಿ, ಬೇರೆಯವರ ಕೈ ವಾಸನೆ. ಮನೆಯಲ್ಲಿದ್ದದ್ದಕ್ಕೆ ಅದು ಯಾರೋ ಹೊಸಬ. ಬುಟ್ಟಿಯಿಂದ ನೇರ ನಡುಮನೆಗೆ ಬಿಡದೆ ಬೇರೆ ಕೋಣೆಯಲ್ಲಿ ನೀರು, ಊಟ, ಮಣ್ಣಿನ ಟ್ರೇ ಇಟ್ಟು ಬಿಡಿ. ಮನೆಯಲ್ಲಿದ್ದ ಬೆಕ್ಕಿನ ಬಟ್ಟೆಯಿಂದ ಇದರ ಮೈ ಒರೆಸಿ. ಸಂಜೆಗೆ, ಇಲ್ಲಾ ಮರುದಿನಕ್ಕೆ ಬಾಗಿಲು ತೆರೆದರೆ ಹೆಚ್ಚಿನವು ಸರಿಹೋಗುತ್ತವೆ. ಮುಖಕ್ಕೆ ಮುಖ ಹಿಡಿದು "ನಿನ್ನ ತಮ್ಮ ಕಣೋ" ಅಂತ ಪರಿಚಯ ಮಾಡಿಸಿದರೆ ಜಗಳ ವಾರಗಟ್ಟಲೆ ಎಳೆಯುತ್ತದೆ.

ಅವತ್ತೊಂದು ದಿನ ಮಂಚದಡಿ ಕೂತರೆ ಕೂರಲಿ, ಎಳೆಯಬೇಡಿ. ಬುಟ್ಟಿಯನ್ನು ಮತ್ತೆ ಅಟ್ಟಕ್ಕೆ ಹಾಕದೆ ಬಾಗಿಲು ತೆಗೆದು ಅದೇ ಮೂಲೆಗೆ ಇಡಿ, ರಾತ್ರಿಯ ಊಟ ಅದರ ಪಕ್ಕದಲ್ಲೇ. ಊಟದ ಮೇಲೆ ಮಾತ್ರ ಕಣ್ಣಿರಲಿ. 24 ಗಂಟೆ ಕಳೆದರೂ ಏನನ್ನೂ ಮುಟ್ಟದಿದ್ದರೆ ಮುನಿಸಿಕೊಂಡಿದೆ ಅಂತ ಕಾಯಬೇಡಿ, ಅದರಲ್ಲೂ ದಪ್ಪ ಬೆಕ್ಕಾದರೆ ಉಪವಾಸಕ್ಕೆ ಲಿವರ್‌ನಲ್ಲಿ ಕೊಬ್ಬು ತುಂಬಿಕೊಳ್ಳುತ್ತದೆ. ಡಾಕ್ಟರಿಗೆ ಫೋನ್ ಮಾಡಿ, ಕೊನೆಗೆ ಯಾವಾಗ ತಿಂತು, ಯಾವಾಗ ಉಚ್ಚೆ ಹೊಯ್ತು ಅನ್ನುವುದನ್ನು ಮೊದಲು ಹೇಳಿ.